ಗಣಿಯ ಬಿಲ್ಲೆ ಜೇಬಲ್ಲಿಟ್ಟುಕೊಂಡು ಬಸ್ ಹತ್ತಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಲ್ಲಿ ಕೇಳುವುದು ಬೇಡ. ಹೋದ ವರ್ಷ ದಸರಾ ಕಳೆದ ಮೇಲೆ ಜರ್ಮನಿಯಲ್ಲಿ ಒಂದು ಹಳೇ ಗಣಿ ನೋಡಲು ಹೋಗಿದ್ದಾಗ, ಅಲ್ಲಿನವರು ಕೈಗೆ ಕೊಟ್ಟ ಹಿತ್ತಾಳೆ ಬಿಲ್ಲೆಯನ್ನು ನಾನು ಚಪ್ಪಲಿ ಸ್ಟ್ಯಾಂಡಿನ ಟೋಕನ್ ಎಂದುಕೊಂಡೆ. ನಾನು ಮಾಡಿದ್ದು ಇಷ್ಟೇ. ಇಷ್ಟಕ್ಕೇ ಆ ಊರಿನ ಫೈರ್ ಇಂಜಿನ್ ಸೈರನ್ ಹಾಕಿಕೊಂಡು ಬೆಟ್ಟ ಹತ್ತಿತು. ಮಂಡಿ ಆಪರೇಷನ್ ಆಗಿದ್ದ ವಯಸ್ಸಾದವರೊಬ್ಬರು ಕತ್ತಲೆ ಸುರಂಗಕ್ಕೆ ಒಬ್ಬರೇ ಇಳಿದರು. ಅವರೆಲ್ಲ ಹುಡುಕುತ್ತಿದ್ದುದು ನನ್ನನ್ನು. ನಾನು ಆ ಹೊತ್ತಿನಲ್ಲಿ ತಲೆ ಮೇಲೆ ಗಣಿಯ ಹೆಲ್ಮೆಟ್ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ.

ನಾನು ಜರ್ಮನಿಗೆ ಹೋದದ್ದೇ ಒಂದು ಲಗೇಜಿನ ಲೆಕ್ಕದಲ್ಲಿ. ನಮ್ಮದು ಶಿಡ್ಲಘಟ್ಟದ ಹತ್ತಿರ ಮೇಲೂರು. ನಮ್ಮಕ್ಕ ಸುಮ ನರ್ಸಿಂಗ್ ಓದಿ, ಅಲ್ಲಿನ ಹಾರ್ಟ್ಸ್ ಎಂಬ ಗುಡ್ಡಗಾಡು ಸೀಮೆಯ ಒಂದು ಸಣ್ಣ ಊರಿನಲ್ಲಿ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ. ಭಾವ ದಿನಾ ರೈಲು ಹತ್ತಿ ದೂರದ ಪಟ್ಟಣದ ಫ್ಯಾಕ್ಟರಿಗೆ ಹೋಗಿಬರುತ್ತಾರೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ವಾಡಿಕೆ. ಅಕ್ಕನಿಗೆ ಬರಲು ಆಗಲಿಲ್ಲವಾದ್ದರಿಂದ ತವರೇ ಸೂಟ್‌ಕೇಸ್ ಕಟ್ಟಿಕೊಂಡು ಅವಳ ಹತ್ತಿರ ಹೊರಟಿತು. ತವರು ಎಂದರೆ ಅಮ್ಮ, ಬಾಣಂತಿ ಖಾರದ ಪುಡಿ, ಹುಚ್ಚೆಳ್ಳು ಪುಡಿ, ರಾಗಿ ಹಿಟ್ಟು, ಬೆಳ್ಳುಳ್ಳಿ ಮತ್ತು ಕೊನೆಯಲ್ಲಿ ನಾನು. ಅಪ್ಪ ಬರುವ ಹಾಗಿರಲಿಲ್ಲ, ರೇಷ್ಮೆ ಮನೆಯಲ್ಲಿ ಹುಳು ಇತ್ತು. ಅಮ್ಮ ಒಬ್ಬಳೇ ವಿಮಾನ ಹತ್ತಿದವಳಲ್ಲ. ನಾನಾದರೋ ಡಿಗ್ರಿ ಮುಗಿಸಿ, ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಹೇಳಿಕೊಂಡು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ಬೈಕ್ ಓಡಿಸಿಕೊಂಡಿದ್ದವನು. ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಅಪ್ಪ ಅದನ್ನೇ ಹೇಳಿ ಕಳಿಸಿದರು.

"ರೇಷ್ಮೆ ಹುಳಾನೂ ಪೊರೆ ಬಿಡೋ ಮುಂಚೆ ಜ್ವರಕ್ಕೆ ಬಂದಾಗ ತಲೆ ಎತ್ಕೊಂಡು ಒಂದಿನ ಅಲ್ಲಾಡ್ದೆ ಕೂರತ್ತೆ. ನಿಂಗೆ ಅದೂ ಬರಲ್ವಲ್ಲೋ. ಅಲ್ಲಾದ್ರೂ ತೆಪ್ಪಗೆ ಕೂತ್ಕೊಳ್ಳಪ್ಪ."

ಅಲ್ಲಿ ಹೋದ ಮೇಲೆ ಕೂರುವುದು ಇನ್ನೂ ಕಷ್ಟವಾಯಿತು. ಅಕ್ಕನ ಮನೆ ಮಹಡಿ ಮೇಲೆ, ನೆಲವೆಲ್ಲ ಮರದ್ದು. ನಾನು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದರೆ ಕೆಳಗಿನ ಮನೆಯ ದೀಪ ಅಲ್ಲಾಡುತ್ತಿತ್ತಂತೆ. ಕೆಳಗಿದ್ದವರು ಮನೆ ಓನರ್ ವರ್ನರ್. ಎಪ್ಪತ್ತು ದಾಟಿದ್ದರು, ಹೆಂಡತಿ ಇರಲಿಲ್ಲ. ವಯಸ್ಸಿನಲ್ಲಿದ್ದಾಗ ಊರಿನ ಬೆಳ್ಳಿ ಗಣಿಯಲ್ಲಿ ಕೆಲಸ ಮಾಡಿದವರು. ಗಣಿ ಮುಚ್ಚಿ ಯಾವುದೋ ಕಾಲವಾಗಿತ್ತು. ಈಗ ಅದನ್ನು ನೋಡಲು ಬರುವವರಿಗೆ ಊರಿನವರೇ ಸೇರಿ ತೋರಿಸುತ್ತಾರೆ, ಅದರಲ್ಲಿ ಇವರೂ ಒಬ್ಬರು.

ಅಮ್ಮ ಅವರನ್ನು ಮೊದಲ ದಿನವೇ ವರ್ನರಪ್ಪ ಮಾಡಿಬಿಟ್ಟಳು. ಕೇಳಿದರೆ ಪೆರೇಸಂದ್ರದ ಕಡೆಯ ಯಾರೋ ಟೊಮೇಟೊ ಬೆಳೆಗಾರರು ಎನ್ನಿಸಬೇಕು. ಅಮ್ಮ ಹುಟ್ಟಿದ್ದು ಆಂಧ್ರ ಗಡಿ ಕಡೆಯ ಕೆಂಚಾರ್ಲಹಳ್ಳಿಯಲ್ಲಿ. ಕನ್ನಡ ಬಾರದವರಿಗೆಲ್ಲ ತೆಲುಗು ಬರುತ್ತದೆ ಎಂಬುದು ಅವಳ ನಂಬಿಕೆ. ಹಾಗಾಗಿ ಅವರೊಂದಿಗೆ ನಿಧಾನವಾಗಿ, ಜೋರಾಗಿ ತೆಲುಗಿನಲ್ಲಿ ಮಾತಾಡುತ್ತಿದ್ದಳು. ಅವರು ಜರ್ಮನ್ನಿನಲ್ಲಿ ಉತ್ತರ ಕೊಡುತ್ತಿದ್ದರು. ಇವಳು ರಾಗಿ ರೊಟ್ಟಿ ಕೊಟ್ಟರೆ ಅವರು ತಟ್ಟೆ ತುಂಬ ಸೇಬು ಹಾಕಿ ವಾಪಸ್ ಕೊಡುತ್ತಿದ್ದರು. ಇಬ್ಬರಿಗೂ ಯಾವತ್ತೂ ಜಗಳ ಬರಲಿಲ್ಲ.

ಅಕ್ಕನ ಹೆರಿಗೆಗೆ ಒಂದು ಏರ್ಪಾಟು ಆಗಿತ್ತು. ಭಾವ ಕೆಲಸಕ್ಕೆ ಹೋದ ಹೊತ್ತಿನಲ್ಲಿ ನೋವು ಬಂದರೆ ವರ್ನರ್ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನನ್ನ ಕೆಲಸ ಫೋನ್ ಕೈಯಲ್ಲಿಟ್ಟುಕೊಂಡಿರುವುದು. ಅಕ್ಕ ಕರೆದರೆ ನಾನು ಓಡಿಹೋಗಿ ವರ್ನರ್ ಎಲ್ಲಿದ್ದರೂ ಹಿಡಿದು ತರಬೇಕು. ಇಷ್ಟು ಸಲೀಸಾದ ಕೆಲಸ ಇನ್ನೊಂದಿಲ್ಲ. ನನಗೆ ಕೊಟ್ಟಿದ್ದೇ ಅದಕ್ಕಾಗಿ.

ಗಣಿಗೆ ಮುಂಚೆ ಒಂದು ಗುಹೆಯ ಕಥೆ ಹೇಳಬೇಕು, ಯಾಕೆಂದರೆ ಎಲ್ಲ ಅಲ್ಲಿಂದಲೇ ಕೆಟ್ಟಿದ್ದು. ಹೋದ ಹೊಸದರಲ್ಲಿ ಒಂದು ಭಾನುವಾರ ಭಾವ ನನ್ನನ್ನು ಪಕ್ಕದ ಊರಿನ ಗುಹೆಗೆ ಕರೆದುಕೊಂಡು ಹೋದರು. ಒಳಗೆ ಸುಣ್ಣದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಕಲ್ಲಾಗಿ ನೇತಾಡುವ ಜಾಗ. ನಾನು ಹುಟ್ಟಿದಾಗಿನಿಂದ ನೋಡಿದ ಗುಹೆ ಎಂದರೆ ಚಿಂತಾಮಣಿ ಹತ್ತಿರದ ಕೈಲಾಸಗಿರಿ. ಅಲ್ಲಿ ಒಳಗೆ ದೇವರಿದ್ದಾನೆ. ಬಂಡೆಯಲ್ಲಿ ತೂತು ಕಂಡರೆ ಚಪ್ಪಲಿ ಬಿಡುವುದು ನಮ್ಮ ಕಾಲಿಗೇ ಅಭ್ಯಾಸ. ಭಾವ ಟಿಕೆಟ್ ತೆಗೆದುಕೊಂಡು ಬರುವಷ್ಟರಲ್ಲಿ ನಾನು ಶೂ ಬಿಚ್ಚಿ, ಸಾಕ್ಸ್ ಮಡಚಿ ಅದರೊಳಗೆ ತುರುಕಿ, ಬಾಗಿಲ ಪಕ್ಕ ಇಟ್ಟು ಒಳಗೆ ನುಗ್ಗಿದ್ದೆ. ಗುಂಪಿನವರೆಲ್ಲ ಮೇಲೆ ನೇತಾಡುವ ಕಲ್ಲು ನೋಡುವುದು ಬಿಟ್ಟು ನನ್ನ ಪಾದ ನೋಡಿದರು. ಐಸ್ ಪೆಟ್ಟಿಗೆಯೊಳಗೆ ನಡೆದ ಹಾಗಿತ್ತು. ವಾಪಸ್ ಬರುವಾಗ ಇನ್ನೊಂದು ಕಡೆಯಿಂದ ಹೊರಗೆ ಬಿಟ್ಟರು. ನಾನು ಬರಿಗಾಲಲ್ಲಿ ಗುಡ್ಡ ಸುತ್ತಿ ಶೂ ಹುಡುಕಿಕೊಂಡು ಹೋದೆ. ಅಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು, "ಕಂಡ್ ಕಂಡ್ ತೂತಿಗೆಲ್ಲ ಚಪ್ಪಲಿ ಬಿಡ್ಬೇಡ್ವೋ ಮಾರಾಯ. ಮಗು ಇಲ್ಲೇ ಬಂದ್ಬಿಡತ್ತೆ" ಎಂದಳು.

ಆ ದಿನ ಬೆಳಿಗ್ಗೆ ನಾನು ಎಂದಿನಂತೆ ಓಡಾಡುತ್ತಿದ್ದೆ. ಡಾಕ್ಟರು ಹೇಳಿದ್ದ ತಾರೀಕಿಗೆ ಇನ್ನೂ ಸಮಯವಿತ್ತು. ಭಾವ ಕೆಲಸಕ್ಕೆ ಹೋಗಿದ್ದರು. ಅಕ್ಕನಿಗೆ ರಾತ್ರಿ ಸರಿಯಾಗಿ ನಿದ್ದೆ ಇರಲಿಲ್ಲ, ಹಗಲಾದರೂ ಮಲಗೋಣ ಎಂದರೆ ನೆಲ ಕಿರ್ರೆನ್ನುತ್ತಿತ್ತು. ಅವಳೇ ಕೆಳಗೆ ಫೋನ್ ಮಾಡಿ, ಇವನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ ಎಂದು ವರ್ನರ್ ಅವರನ್ನು ಬೇಡಿಕೊಂಡಳು. ಅವರು ಗಣಿಗೆ ಹೊರಟಿದ್ದರು. ಬೇಗ ಬಂದುಬಿಡುತ್ತೇವೆ ಎಂದರು. ನಾನು ಅನುಮಾನಿಸಿದೆ.

"ನಿಂಗೇನಾದ್ರೂ ಆದ್ರೆ?" ಎಂದೆ ಅಕ್ಕನಿಗೆ.

"ನೀನು ಇಲ್ಲೇ ಇದ್ರೆ ಇವತ್ತೇ ಆಗತ್ತೆ. ಹೋಗಪ್ಪ ಸುಮ್ನೆ" ಎಂದಳು.

ಗಣಿ ಊರಿಂದ ಮೇಲೆ, ಕಾಡಿನ ಅಂಚಿನಲ್ಲಿ. ಗುಡ್ಡದ ಹೊಟ್ಟೆಗೆ ನೇರವಾಗಿ ಕೊರೆದ ಸುರಂಗ, ಅದರ ಬಾಯಿಗೆ ಒಂದು ಮರದ ಬಾಗಿಲು, ಪಕ್ಕದಲ್ಲಿ ಟಿಕೆಟ್ ಕೊಡುವ ಕೋಣೆ. ಅಲ್ಲಿ ನಮ್ಮ ಜಾಕೆಟ್ ಬಿಚ್ಚಿಸಿ ಮೊಳೆಗೆ ಹಾಕಿಸಿದರು, ಗಣಿಯದೇ ದಪ್ಪ ಕೋಟು ಕೊಟ್ಟರು, ಹೆಲ್ಮೆಟ್ ಕೊಟ್ಟರು. ಆಮೇಲೆ ಶೂ ಬಿಚ್ಚಿ ಗೂಡಿನಲ್ಲಿಟ್ಟು ರಬ್ಬರ್ ಬೂಟು ಹಾಕಿಕೊಳ್ಳಿ ಎಂದರು. ಅದಾದ ತಕ್ಷಣ ಗೋಡೆಯ ಹಲಗೆಯಲ್ಲಿ ಕೊಕ್ಕೆಗೆ ಸಾಲಾಗಿ ನೇತು ಹಾಕಿದ್ದ ಹಿತ್ತಾಳೆ ಬಿಲ್ಲೆಗಳನ್ನು ತೆಗೆದು, ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟರು. ಪ್ರತಿ ಬಿಲ್ಲೆಯ ಮೇಲೂ ಒಂದು ನಂಬರು.

ನನಗೆ ನೆಮ್ಮದಿಯಾಯಿತು. ಕೊನೆಗೂ ಇವರಿಗೆ ಬುದ್ಧಿ ಬಂದಿದೆ, ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದಾರೆ ಎಂದುಕೊಂಡೆ. ಶೂ ಬಿಟ್ಟ ಮೇಲೆ ನಂಬರಿನ ಬಿಲ್ಲೆ ಕೊಟ್ಟರೆ ಅದು ಇನ್ನೇನಾಗಿರುತ್ತದೆ? ವರ್ನರ್ ಆ ಬಿಲ್ಲೆ ಎತ್ತಿ ಹಿಡಿದು ಜರ್ಮನ್ನಿನಲ್ಲಿ ತುಂಬ ಹೊತ್ತು, ಬಹಳ ಗಂಭೀರವಾಗಿ ವಿವರಿಸಿದರು. ಶೂ ಕಳೆದುಹೋದರೆ ನಾವು ಜವಾಬ್ದಾರರಲ್ಲ ಎಂದು ಹೇಳುತ್ತಿದ್ದಾರೆ ಎಂದುಕೊಂಡು ನಾನೂ ಗಂಭೀರವಾಗಿ ತಲೆ ಆಡಿಸಿದೆ. ಬಿಲ್ಲೆಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಒಳಗೆ ಹೋಗುತ್ತಿದ್ದಂತೆ ನನ್ನ ಫೋನಿನಲ್ಲಿ ಸಿಗ್ನಲ್ ಹೋಯಿತು. ಸುರಂಗಕ್ಕೆ ಹೋದರೆ ಸಿಗ್ನಲ್ ಹೋಗುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಗುಡ್ಡದ ಒಳಗೆ ನಿಂತ ಮೇಲೆ ಅದು ನನಗೆ ಹೊಳೆಯಿತು. ಅಕ್ಕ ಈಗ ಕರೆದರೆ? ನಾನೂ ಒಳಗೆ, ಕಾರಿನವರೂ ಒಳಗೆ. ವರ್ನರ್‌ಗೆ ಹೇಳೋಣವೆಂದರೆ ಅವರು ಗುಂಪಿನ ಮುಂದೆ, ನಾನು ಹಿಂದೆ. ಮಧ್ಯೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಜಾಗ. ಫೋನ್ ಎತ್ತಿ ಎತ್ತಿ ನೋಡಿದೆ. ಮೇಲೆ ಹಿಡಿದೆ, ಕೆಳಗೆ ಹಿಡಿದೆ, ಬಂಡೆಗೆ ಒತ್ತಿ ಹಿಡಿದೆ. ಪಕ್ಕದಲ್ಲಿದ್ದ ಹೆಂಗಸು ನಾನು ಬೆಳ್ಳಿಯ ಅದಿರು ಹುಡುಕುತ್ತಿದ್ದೇನೆ ಎಂದುಕೊಂಡು, ತಾನೂ ಬಂಡೆಗೆ ಕಣ್ಣಿಟ್ಟು ನೋಡಿದಳು.

ಗಣಿ ಚೆನ್ನಾಗಿತ್ತಂತೆ. ನಾನು ನೋಡಲಿಲ್ಲ. ಹಳೇ ಕಂಬಿ, ಅದರ ಮೇಲೆ ತಳ್ಳುಗಾಡಿ, ಪಕ್ಕದಲ್ಲಿ ಕೆಳಗಿನ ಅಂತಸ್ತಿಗೆ ಇಳಿಯುವ ಬಾವಿಯಂಥ ಗುಂಡಿ, ಅದಕ್ಕೆ ಕಬ್ಬಿಣದ ಜಾಲರಿ, ಇಷ್ಟು ಕಣ್ಣಿಗೆ ಬಿದ್ದವು. ಪ್ರತಿ ಹೆಜ್ಜೆಗೂ ತೊಡೆಯ ಮೇಲೆ ಫೋನ್ ಗುಂಯ್ ಎಂದ ಹಾಗಾಗುತ್ತಿತ್ತು. ತೆಗೆದು ನೋಡಿದರೆ ಏನೂ ಇಲ್ಲ. ಒಂದು ಅಗಲವಾದ ಜಾಗದಲ್ಲಿ ಎಲ್ಲರನ್ನೂ ನಿಲ್ಲಿಸಿ, ಹಿಂದಿನವರು ಎಂಥ ಕತ್ತಲಲ್ಲಿ ಕೆಲಸ ಮಾಡುತ್ತಿದ್ದರು ಎಂದು ತೋರಿಸಲು ವರ್ನರ್ ದೀಪಗಳನ್ನೆಲ್ಲ ಆರಿಸಿದರು. ನನ್ನ ಕೈ ನನಗೇ ಕಾಣಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಆಗ ನನ್ನ ತೊಡೆ ಮತ್ತೆ ನಡುಗಿತು. ಈ ಸಲ ಫೋನೇ ಎಂದು ಖಾತ್ರಿಯಾಯಿತು. ತೆಗೆದರೆ ಅದೇ ಖಾಲಿ ಪರದೆ, ಆದರೆ ಆ ಕತ್ತಲಲ್ಲಿ ಪೆಟ್ರೊಮ್ಯಾಕ್ಸ್ ಹಚ್ಚಿದ ಹಾಗೆ ನನ್ನ ಮುಖ ಬೆಳಗಿತು. ಯಾರೋ ಉಶ್ ಎಂದರು.

ದೀಪ ಬಂದ ಕೂಡಲೇ ನಾನು ತೀರ್ಮಾನ ಮಾಡಿದೆ. ಹೊರಗೆ ಹೋಗಿ ಒಂದೇ ಒಂದು ಸಲ ಫೋನ್ ನೋಡಿ ಬಂದುಬಿಡುವುದು. ನನ್ನ ಪಕ್ಕದಲ್ಲಿ, ಎಲ್ಲರಿಗಿಂತ ಕೊನೆಯಲ್ಲಿ ಒಬ್ಬ ದಪ್ಪಗಿನ ಗಡ್ಡದವನಿದ್ದ. ಹೇಳದೆ ಹೋದರೆ ತಪ್ಪಾಗುತ್ತದೆ. ಭಾಷೆ ಬರುವುದಿಲ್ಲ. ಅದಕ್ಕೇ ಸ್ಕೂಲಲ್ಲಿ ಮೇಷ್ಟ್ರಿಗೆ ತೋರಿಸುತ್ತಿದ್ದ ಹಾಗೆ ಕಿರುಬೆರಳು ಎತ್ತಿ ತೋರಿಸಿದೆ. ಅವನು ಒಂದು ನಿಮಿಷ ನೋಡಿ, ಖುಷಿಯಾಗಿ ನಕ್ಕು, ತಾನೂ ಕಿರುಬೆರಳು ಎತ್ತಿ ತೋರಿಸಿದ. ಅನುಮತಿ ಸಿಕ್ಕಿತು. ನಾನು ಕಂಬಿ ಹಿಡಿದು ಬಂದ ದಾರಿಯಲ್ಲೇ ವಾಪಸ್ ನಡೆದೆ. ನಡೆದೆ ಎನ್ನುವುದು ಮರ್ಯಾದೆಗೆ. ಓಡಿದೆ.

ಬಾಗಿಲು ಒಳಗಿನಿಂದ ತಳ್ಳಿದರೆ ತೆರೆಯುವಂಥದ್ದು. ಹೊರಗೆ ಬಂದು ಬೆಳಕಿಗೆ ಕಣ್ಣು ಹೊಂದುವಷ್ಟರಲ್ಲಿ ಫೋನ್ ಒಂದೇ ಸಮನೆ ಗುಂಯ್‌ಗುಟ್ಟಿತು. ಅಕ್ಕನ ಮಿಸ್ಡ್ ಕಾಲುಗಳು, ಅಕ್ಕನ ಫೋನಿನಿಂದ ಅಮ್ಮನ ದನಿಯಲ್ಲಿ ಒಂದು ವಾಯ್ಸ್ ಮೆಸೇಜು. ಒತ್ತಿದೆ.

"ಮಂಜಾ, ಅಕ್ಕನಿಗೆ ನೋವು ಶುರುವಾಯ್ತು ಕಣಪ್ಪಾ."

ಅಷ್ಟು ಕೇಳಿದ್ದೇ ತಡ, ನನ್ನ ಕೈಕಾಲು ನನ್ನ ಮಾತು ಕೇಳಲಿಲ್ಲ. ಟಿಕೆಟ್ ಕೋಣೆಯಲ್ಲಿ ಯಾರೂ ಇರಲಿಲ್ಲ, ಹಿಂದುಗಡೆ ಕಾಫಿ ಮಾಡುತ್ತಿದ್ದ ವಾಸನೆ ಬರುತ್ತಿತ್ತು. ರಬ್ಬರ್ ಬೂಟು ಕಿತ್ತು ರಾಶಿಗೆ ಎಸೆದೆ, ಶೂ ಹಾಕಿಕೊಂಡೆ. ಟೋಕನ್ ಕೇಳುವವರು ಯಾರೂ ಇಲ್ಲ, ಒಳ್ಳೆಯದೇ ಆಯಿತು, ಊರಿಗೆ ಹೋಗಿ ತೋರಿಸಬಹುದು ಎಂದು ಆ ಗಡಿಬಿಡಿಯಲ್ಲೂ ನನ್ನ ತಲೆಗೆ ಬಂತು ನೋಡಿ. ಎದುರಿನ ಸ್ಟಾಪಿನಲ್ಲಿ ಬಸ್ ನಿಂತಿತ್ತು. ಹತ್ತಿದೆ, ಹೊರಟಿತು.

ಉಳಿದ ಅರ್ಧ ಮೆಸೇಜು ನಾನು ಕೇಳಿದ್ದು ಬಸ್ಸಿನಲ್ಲಿ.

"ಆ ವರ್ನರಪ್ಪನ್ನ ಕರ್ಕೊಂಡು ಬೇಗ ಬಾ. ಅವರಿಲ್ದೆ ನೀನೊಬ್ಬನೇ ಬಂದು ಏನ್ ಮಾಡ್ತೀಯ."

ನಾನು ಎದ್ದು ನಿಂತೆ. ಡ್ರೈವರಿಗೆ ಸ್ಟಾಪ್ ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ಸ್ಟಾಪ್ ಬಂದಾಗ ನಿಲ್ಲಿಸುತ್ತೇನೆ ಎಂಬಂತೆ ಕೈ ತೋರಿಸಿದ. ಅಲ್ಲಿ ನಮ್ಮ ಪ್ರೈವೇಟ್ ಬಸ್ಸಿನ ಹಾಗೆ ಕೂಗಿದ ಕಡೆ ಇಳಿಸುವುದಿಲ್ಲ. ಇಳಿದರೂ ವಾಪಸ್ ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕೋ. ಕೂತೆ, ಎದ್ದೆ, ಮತ್ತೆ ಕೂತೆ. ಅಕ್ಕನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಪಾಪ, ನನ್ನ ಮುಖದಲ್ಲಿ ಸಂಕಟ ಕಂಡಿರಬೇಕು ಎಂದುಕೊಂಡೆ. ಕಿಟಕಿ ಗಾಜಿನಲ್ಲಿ ನನ್ನ ನೆರಳು ನೋಡಿದಾಗ ಗೊತ್ತಾಯಿತು, ತಲೆ ಮೇಲೆ ದೀಪವಿರುವ ಹೆಲ್ಮೆಟ್ ಇತ್ತು, ದೀಪ ಉರಿಯುತ್ತಿತ್ತು. ಮೈಮೇಲೆ ಗಣಿಯ ಕೋಟು. ನನ್ನ ಜಾಕೆಟ್ಟು ಅಲ್ಲೇ ಮೊಳೆಯಲ್ಲಿ. ಮನೆ ಬೀಗದ ಕೈ ಆ ಜಾಕೆಟ್ಟಿನ ಜೇಬಿನಲ್ಲಿ.

ಮನೆಗೆ ಬೀಗ ಹಾಕಿತ್ತು. ಬೆಲ್ ಒತ್ತಿದೆ, ಬಾಗಿಲು ಬಡಿದೆ, ಅಮ್ಮಾ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಭಾವನಿಗೆ ಫೋನ್ ಮಾಡಿದೆ. ಅವರು ಆಗಲೇ ಆಸ್ಪತ್ರೆಗೆ ಹೊರಟು ರೈಲಿನಲ್ಲಿದ್ದರು. ನಾನೂ ವರ್ನರ್ ಅವರೂ ಫೋನಿಗೆ ಸಿಗದೆ ಅಕ್ಕ ತಾನೇ ಟ್ಯಾಕ್ಸಿ ಕರೆಸಿಕೊಂಡು, ಅಮ್ಮನನ್ನು ಕೂರಿಸಿಕೊಂಡು ಹೋಗಿದ್ದಳು. "ವರ್ನರ್ ಎಲ್ಲಿ?" ಎಂದರು. ಗಣಿಯಲ್ಲಿ ಎಂದೆ. "ನೀನು?" ಎಂದರು. ಬಾಗಿಲ ಮುಂದೆ ಎಂದೆ. ಅಷ್ಟರಲ್ಲಿ ರೈಲು ಸುರಂಗಕ್ಕೆ ಹೋಯಿತೋ, ಅವರಿಗೇ ಸಾಕಾಯಿತೋ, ಫೋನ್ ಕಟ್ಟಾಯಿತು.

ಮೆಟ್ಟಿಲ ಮೇಲೆ ಕೂರಲಾರದೆ ಬೀದಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಆಗ ಒಂದು ಫೈರ್ ಇಂಜಿನ್ ಸೈರನ್ ಹಾಕಿಕೊಂಡು ಬಂತು. ಅದರ ಹಿಂದೆ ಇನ್ನೊಂದು ಗಾಡಿ. ಬೆಟ್ಟದ ಕಡೆಗೆ ಹೋದವು. ಎಲ್ಲೋ ಬೆಂಕಿ ಬಿದ್ದಿದೆ, ಪಾಪ ಎಂದುಕೊಂಡು, ದಾರಿ ಬಿಡಲು ಗೋಡೆಗೆ ಒತ್ತಿ ನಿಂತೆ. ಗಾಡಿಯಲ್ಲಿದ್ದ ಒಬ್ಬ ನನ್ನ ಹೆಲ್ಮೆಟ್ ನೋಡಿ ಕೈ ಬೀಸಿದ. ತಮ್ಮವನೇ ಯಾರೋ ಎಂದುಕೊಂಡಿರಬೇಕು. ನಾನೂ ಬೀಸಿದೆ.

ಎದುರು ಮನೆಯ ಇಂಗ್ರಿಡ್ ಸದ್ದಿಗೆ ಹೊರಗೆ ಬಂದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಕೈಯಲ್ಲಿ ಫೋನ್ ಹಿಡಿದು ಯಾರೊಂದಿಗೋ ಮಾತಾಡುತ್ತಿದ್ದವರು ನನ್ನನ್ನು ಕಂಡು ನಿಂತುಬಿಟ್ಟರು. ನನ್ನ ಕೋಟನ್ನು ನೋಡಿದರು, ಹೆಲ್ಮೆಟ್ ನೋಡಿದರು. ನಿನ್ನ ನಂಬರ್ ಎಲ್ಲಿ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಫೋನ್ ನಂಬರ್ ಹೇಳಲು ಶುರುಮಾಡಿದೆ. ಅವರು ತಲೆ ಆಡಿಸಿ, ಬೆರಳಲ್ಲಿ ದುಂಡಗೆ ಸುತ್ತಿ ತೋರಿಸಿದರು. ಜೇಬಿಗೆ ಕೈ ಹಾಕಿ ಬಿಲ್ಲೆ ತೆಗೆದೆ. ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು.

ಕಾರಿನಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತುತ್ತ, ಗಣಿಯವರಿಂದ ಫೋನಿನಲ್ಲಿ ಕೇಳಿದ್ದನ್ನೂ ಸೇರಿಸಿ ಅವರು ಹೇಳಿದ್ದು ಇದು. ಆ ಬಿಲ್ಲೆಗೂ ಶೂಗೂ ಸಂಬಂಧವಿಲ್ಲ. ಗಣಿಗೆ ಇಳಿಯುವವನು ಒಂದು ಬಿಲ್ಲೆ ತೆಗೆದುಕೊಂಡು ಹೋಗುತ್ತಾನೆ, ಹೊರಗೆ ಬಂದ ಮೇಲೆ ತನ್ನ ಕೊಕ್ಕೆಗೆ ಮತ್ತೆ ಹಾಕುತ್ತಾನೆ. ಹಲಗೆಯಲ್ಲಿ ಒಂದು ಕೊಕ್ಕೆ ಖಾಲಿ ಇದೆ ಎಂದರೆ ಒಬ್ಬ ಇನ್ನೂ ಒಳಗಿದ್ದಾನೆ ಎಂದರ್ಥ. ಅವನು ಸಿಗುವವರೆಗೆ ಯಾರೂ ಮನೆಗೆ ಹೋಗುವುದಿಲ್ಲ. ಗಣಿ ಮುಚ್ಚಿದರೂ ಆ ನಿಯಮ ಬಿಟ್ಟಿಲ್ಲ. ಗುಂಪು ಹೊರಗೆ ಬಂದು ಬಿಲ್ಲೆ ಹಾಕಿದಾಗ ನನ್ನ ಕೊಕ್ಕೆ ಖಾಲಿ. ನನ್ನ ಜಾಕೆಟ್ಟು ಮೊಳೆಯಲ್ಲೇ ಇದೆ, ಹೆಲ್ಮೆಟ್ ಇಲ್ಲ, ಕೋಟು ಇಲ್ಲ. ಗಡ್ಡದವನನ್ನು ಕೇಳಿದರೆ, ಆ ಹುಡುಗ ಕಿರುಬೆರಳು ತೋರಿಸಿದ, ಅವರ ದೇಶದ ನಮಸ್ಕಾರ ಎಂದುಕೊಂಡೆ ಎಂದನಂತೆ.

ಸುಮಾಗೆ ಫೋನ್ ಮಾಡಿ ಕೇಳೋಣ ಎಂದು ಅಲ್ಲಿದ್ದವರು ಹೇಳಿದ್ದರು. ವರ್ನರ್ ಬೇಡ ಎಂದಿದ್ದರು. ಫೈರ್ ಇಂಜಿನ್ನಿನವರು ಬರುವವರೆಗೆ ಕಾಯಿರಿ ಎಂದರೂ ಕೇಳದೆ ದೀಪ ತೆಗೆದುಕೊಂಡು ಒಳಗೆ ಹೋಗಿದ್ದರು. ಜಾಲರಿ ಹಾಕಿದ ಗುಂಡಿಯ ಪಕ್ಕದ ಏಣಿ ಇಳಿದು, ಯಾರನ್ನೂ ಬಿಡದ ಕೆಳಗಿನ ಅಂತಸ್ತಿಗೆ.

ಗಣಿ ಬಾಯಿಯಲ್ಲಿ ಜನ ಸೇರಿದ್ದರು. ಇಂಗ್ರಿಡ್ ನನ್ನ ತೋಳು ಹಿಡಿದು ಮುಂದೆ ತಳ್ಳಿದರು. ಎಲ್ಲರೂ ನನ್ನನ್ನು ನೋಡಿದರು. ಯಾರಾದರೂ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಯಾರೂ ಬೈಯಲಿಲ್ಲ. ಇಬ್ಬರು ವರ್ನರ್ ಅವರನ್ನು ಕರೆತರಲು ಓಡಿದರು. ಹಲಗೆಯಲ್ಲಿ ನನ್ನ ಕೊಕ್ಕೆಯ ಜೊತೆ ಇನ್ನೊಂದು ಕೊಕ್ಕೆಯೂ ಖಾಲಿಯಾಗಿತ್ತು. ಅದು ಅವರದು.

ಆ ಹಲಗೆಯೂ ಸುರಂಗದ ಬಾಗಿಲೂ ಕಾಣುವ ಕಡೆ ಒಂದು ಬೆಂಚು ಇತ್ತು. ಕೂತೆ. ಫೋನ್ ಬಡಿದುಕೊಂಡಿತು, ಭಾವ. ಆಸ್ಪತ್ರೆ ತಲುಪಿದ್ದರು. ಅಮ್ಮನನ್ನು ಹೆರಿಗೆ ಕೋಣೆಯ ಹೊರಗೆ ಕೂರಿಸಿದ್ದಾರೆ, ಒಬ್ಬಳೇ ಹೆದರಿಕೊಂಡಿದ್ದಾಳೆ, ನೀನು ಬಂದು ಜೊತೆಗಿರು ಎಂದರು. ಇಂಗ್ರಿಡ್ ಬಿಟ್ಟುಬರುತ್ತೇನೆ ಎಂದರು. ಅಮ್ಮನ ಮುಖ ಕಣ್ಣ ಮುಂದೆ ಬಂತು. ಎದ್ದೆ. ಆ ಖಾಲಿ ಕೊಕ್ಕೆ ಎದುರಿಗೇ ಇತ್ತು.

"ಭಾವ, ವರ್ನರ್ ತಾತ ಗಣಿ ಒಳಗಿದಾರೆ, ನನ್ನಿಂದ. ಅವರು ಬರೋವರ್ಗೂ ನಾನು ಬರಲ್ಲ. ಅಮ್ಮನ್ನ ನೀವೇ ನೋಡ್ಕೊಳ್ಳಿ" ಎಂದು ಮತ್ತೆ ಕೂತೆ.

ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಕೈಯಲ್ಲಿದ್ದ ಬಿಲ್ಲೆ ಬಿಸಿಯಾಗಿತ್ತು. ಕಾಲು ತಾನಾಗಿ ಕುಣಿಯುತ್ತಿತ್ತು, ಎರಡೂ ಕೈಯಲ್ಲಿ ಮಂಡಿ ಒತ್ತಿ ಹಿಡಿದುಕೊಂಡೆ. ಏಣಿ ಜಾರಿದ್ದರೆ? ಒಳಗೆ ಕೂಗಿ ಕೂಗಿ ಎದೆನೋವು ಬಂದಿದ್ದರೆ? ಅವರು ನನ್ನ ಹೆಸರು ಹಿಡಿದು ಕೂಗುತ್ತಿರುತ್ತಾರೆ, ಉತ್ತರ ಬಾರದಿದ್ದಷ್ಟೂ ಇನ್ನೂ ಒಳಕ್ಕೆ ಹೋಗುತ್ತಾರೆ. ಆ ಬಾಗಿಲನ್ನು ನೋಡುತ್ತ ಕೂರುವುದು ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ.

ಬಾಗಿಲು ತೆರೆಯಿತು. ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ವರ್ನರ್ ಬಂದರು. ಮೈಯೆಲ್ಲ ಕೆಸರು, ಒಂದು ಕಾಲು ಎಳೆಯುತ್ತಿದ್ದರು. ಅಂಗೈ ತರಚಿತ್ತು. ಮುಖ ಬೂದಿಯಾಗಿತ್ತು. ನನ್ನ ಹತ್ತಿರ ಬಂದು ನಿಂತರು. ಕೆನ್ನೆಗೆ ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿದೆ. ಅವರು ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು, ತೋಳು ಮುಟ್ಟಿ, ಭುಜ ಮುಟ್ಟಿ, ಕರು ನೋಡುವ ಹಾಗೆ ಎಲ್ಲ ಸರಿಯಿದೆಯೇ ಎಂದು ನೋಡಿದರು. ಆಮೇಲೆ ಕೈ ಚಾಚಿದರು. ಬಿಲ್ಲೆ ಕೊಟ್ಟೆ. ಕುಂಟುತ್ತ ಹೋಗಿ ಮೊದಲು ನನ್ನದನ್ನು ಹಾಕಿದರು, ಆಮೇಲೆ ತಮ್ಮದನ್ನು. ಬೆಂಚಿನ ಮೇಲೆ ಕುಸಿದು ಕೂತು ಬೂಟು ಬಿಚ್ಚಲು ಹೋದರೆ ಮಂಡಿ ಬಗ್ಗಲಿಲ್ಲ. ನಾನು ನೆಲದ ಮೇಲೆ ಕೂತು ಅವರ ಬೂಟು ಎಳೆದು ತೆಗೆದೆ. ಒಳಗೆಲ್ಲ ನೀರು ತುಂಬಿತ್ತು. ಅವರ ಪಾದ ಒರೆಸುವಾಗ ನನಗೆ ಅಳು ಬಂತು. ಅವರು ಏನೋ ಹೇಳಿ ಹೆಲ್ಮೆಟ್ ಮೇಲೆ ಒಂದು ಸಲ ಕುಟ್ಟಿದರು.

ಅಕ್ಕನ ಸುದ್ದಿ ಹೇಳಿದ ಕೂಡಲೇ ಅವರು ಕಾರಿನ ಕೀಲಿ ಹುಡುಕಲು ಎದ್ದರು. ಇಂಗ್ರಿಡ್ ಬೈದು ಕೂರಿಸಿ, ಇಬ್ಬರನ್ನೂ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ನಾವು ಹೋಗುವಷ್ಟರಲ್ಲಿ ಹೆಣ್ಣುಮಗು ಹುಟ್ಟಿತ್ತು, ಅಕ್ಕ ಚೆನ್ನಾಗಿದ್ದಳು. ಅಮ್ಮ ನಮ್ಮಿಬ್ಬರ ಅವತಾರ ನೋಡಿ, "ಏನು ವರ್ನರಪ್ಪೋರೇ, ಮಗು ನೋಡಕ್ಕೆ ಗದ್ದೆ ನಾಟಿ ಮಾಡಿ ಬಂದ್ರಾ?" ಎಂದು ತೆಲುಗಿನಲ್ಲಿ ಕೇಳಿದಳು. ಅವರು ಜರ್ಮನ್ನಿನಲ್ಲಿ ಏನೋ ಹೇಳಿ ಅಮ್ಮನ ಕೈ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ. ಮೊಮ್ಮಗಳು ಹುಟ್ಟಿದ ಖುಷಿ ಎಂದು ಅಮ್ಮ ತಿಳಿದುಕೊಂಡಳು. ನಡೆದದ್ದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದ ದಿನ ನನಗೆ ಊಟವಿಲ್ಲ.

ನಾವು ಊರಿಗೆ ಹೊರಡುವ ಹಿಂದಿನ ದಿನ ವರ್ನರ್ ಹಿತ್ತಲಲ್ಲಿ ಸೇಬು ಆರಿಸುತ್ತ ಕೂತಿದ್ದರು. ಮಂಡಿಗೆ ಇನ್ನೂ ಪಟ್ಟಿ ಕಟ್ಟಿತ್ತು. ನನಗೆ ಒಂದು ಮಾತು ಕೊರೆಯುತ್ತಲೇ ಇತ್ತು. ಭಾವನನ್ನು ಕರೆದುಕೊಂಡು ಹೋಗಿ ಕೇಳಿಸಿದೆ, ಫೈರ್ ಇಂಜಿನ್ನಿನವರು ಬರುತ್ತಿದ್ದರಲ್ಲ, ಮನೆಗೊಂದು ಫೋನ್ ಮಾಡಿದ್ದರೂ ಸಾಕಿತ್ತಲ್ಲ, ಈ ಕಾಲಲ್ಲಿ ನೀವೇ ಯಾಕೆ ಇಳಿದಿರಿ ಎಂದು. ಅವರು ಕೈಯಲ್ಲಿದ್ದ ಸೇಬನ್ನು ಒರೆಸುತ್ತಲೇ ಮೆಲ್ಲಗೆ ಒಂದೆರಡು ಮಾತು ಹೇಳಿದರು.  ಮನೆಯೊಳಗೆ ಬಂದ ಮೇಲೆ ಭಾವ ಅದನ್ನು ಕನ್ನಡದಲ್ಲಿ ಹೇಳಿದರು.

"ಮೇಲ್ಗಡೆ ಮನೇಲಿ ಒಂದು ಮಗು ಹುಟ್ಟೋದಿತ್ತು. ನೀನು ಸಿಕ್ಕಿಲ್ಲ ಅಂತ ಹೇಳಕ್ಕೆ ಆ ಮೆಟ್ಲು ಹತ್ತೋದಕ್ಕಿಂತ, ಗಣಿ ಇಳಿಯೋದೇ ಸುಲಭ ಅನ್ನಿಸ್ತಂತೆ ಕಣೋ."